ಪೈಪಿನೊಳಗೆ ಬಂದ ಮಂಡಕ್ಕಿ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಒಳಗೆ ಬನ್ನಿ, ಮುಂದಿನ ಸಾಲು ಖಾಲಿ ಇದೆ. ಮುಂದೆ ಕೂತವರಿಗೆ ಪ್ರಶ್ನೆ ಕೇಳುವುದಿಲ್ಲ, ಹೆದರಬೇಡಿ. ನಿಮಗೆ ಪ್ರಶ್ನೆಪತ್ರಿಕೆಗಳ ಕಾಟ ಮೊದಲೇ ಜಾಸ್ತಿ.

ದಾವಣಗೆರೆಗೆ ಬಂದು ಮಂಡಕ್ಕಿಯ ಮಾತೆತ್ತದೆ ಹೋದರೆ ತಪ್ಪಾಗುತ್ತದೆ. ಆದರೆ ನಾನು ಹೇಳಹೊರಟ ಮಂಡಕ್ಕಿ ಇಲ್ಲಿನ ಭಟ್ಟಿಯದಲ್ಲ. 2023ರ ನವೆಂಬರ್ 12, ದೀಪಾವಳಿ ದಿನ, ಬೆಳಗಿನ ಜಾವ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಿಲ್ಕ್ಯಾರಾ ಅನ್ನುವಲ್ಲಿ ಕಟ್ಟುತ್ತಿದ್ದ ರಸ್ತೆ ಸುರಂಗದ ಒಂದು ಭಾಗ ಕುಸಿಯಿತು. ಒಳಗೆ 41 ಕಾರ್ಮಿಕರು. ಜಾರ್ಖಂಡ್, ಉತ್ತರ ಪ್ರದೇಶ, ಬಿಹಾರ, ಒಡಿಶಾ, ಹೀಗೆ ಎಲ್ಲೆಲ್ಲಿಂದಲೋ ಕೂಲಿಗೆ ಬಂದವರು.

ಅವರಿಗೂ ಹೊರಗಿನವರಿಗೂ ನಡುವೆ ಸುಮಾರು 60 ಮೀಟರ್ ಮಣ್ಣು, ಕಲ್ಲು, ಕಬ್ಬಿಣ. ಆ ರಾಶಿಯ ನಡುವೆ ನಾಲ್ಕು ಇಂಚಿನ ಒಂದು ಪೈಪು ಉಳಿದುಕೊಂಡಿತ್ತು. ಅದರಲ್ಲೇ ಗಾಳಿ ಬಿಟ್ಟರು. ಅದರಲ್ಲೇ ಕಂಪ್ರೆಸರ್ ಹಚ್ಚಿ ಮಂಡಕ್ಕಿ, ಕಡಲೆ, ಒಣಹಣ್ಣು ಊದಿ ಕಳಿಸಿದರು. ಒಮ್ಮೆ ಯೋಚಿಸಿ ನೋಡಿ. ಅಂಗೈ ಅಗಲದ ಪೈಪು, ಅದರ ಬಾಯಿಂದ ಮಂಡಕ್ಕಿ ಉದುರುತ್ತದೆ. 41 ಜನರ ಹೊಟ್ಟೆಗೆ ಅದು ಎಲ್ಲಿ ಸಾಲುತ್ತದೆ? ಆದರೆ ಆ ಕಡೆ ಯಾರೋ ಇದ್ದಾರೆ, ನಮ್ಮನ್ನು ಬಿಟ್ಟು ಹೋಗಿಲ್ಲ ಅನ್ನೋದು ಗೊತ್ತಾಯಿತಲ್ಲ! ಎಂಟು ದಿನ ಕಳೆದ ಮೇಲೆ ಆರು ಇಂಚಿನ ಇನ್ನೊಂದು ಪೈಪು ಒಳಗೆ ತಲುಪಿತು. ಆಗ ಬಾಟಲಿಗಳಲ್ಲಿ ತುಂಬಿ ಬಿಸಿ ಖಿಚಡಿ ಕಳಿಸಿದರು.

ಒಳಗೆ ಸುಮಾರು ಎರಡು ಕಿಲೋಮೀಟರ್ ಜಾಗವಿತ್ತು. ಅದರಲ್ಲೇ ಅವರು ವಾಕಿಂಗ್ ಮಾಡಿದರು, ಯೋಗ ಮಾಡಿದರು. ಹಿರಿಯ ಫೋರ್‌ಮನ್ ಒಬ್ಬರು ಉಳಿದವರಿಗೆ ಬೆನ್ನಿಗೆ ನಿಂತಿದ್ದರು. ಎಲ್ಲರೂ ಹೊರಗೆ ಹೋದ ಮೇಲೇ ನಾನು ಬರೋದು ಅಂದಿದ್ದರಂತೆ. ಧೈರ್ಯವಾಗಿರಿ ಅಂತ ನೂರು ಸಲ ಹೇಳುವುದಕ್ಕಿಂತ ಇದು ದೊಡ್ಡದು ಅಂತ ನನಗನಿಸುತ್ತದೆ. ಯಾಕೆಂದರೆ ಕೇಳಿದವನಿಗೆ ತನ್ನ ಸರದಿ ಮೊದಲು ಅನ್ನೋದು ಖಾತ್ರಿಯಾಯಿತು.

ಹೊರಗಿನವರ ಕಥೆ ಬೇರೆ. ಇನ್ನೆರಡು ದಿನ, ಇನ್ನು ಕೆಲವೇ ಗಂಟೆ ಅಂತ ಹೇಳುತ್ತಲೇ ಇದ್ದರು. ಕೊರೆಯುವ ಯಂತ್ರ ಕಬ್ಬಿಣಕ್ಕೆ ಸಿಕ್ಕಿ ಮುರಿಯಿತು. ಆಗ ಆಸ್ಟ್ರೇಲಿಯಾದ ಸುರಂಗ ತಜ್ಞ ಆರ್ನಾಲ್ಡ್ ಡಿಕ್ಸ್, ಕ್ರಿಸ್‌ಮಸ್ ಹೊತ್ತಿಗೆ ಮನೆ ಸೇರುತ್ತಾರೆ ಅಂದರು. ಅಂದರೆ ಇನ್ನೂ ಒಂದು ತಿಂಗಳು! ಎಷ್ಟೋ ಜನಕ್ಕೆ ಎದೆ ಧಸಕ್ಕೆಂದಿರಬೇಕು. ನನಗೆ ಮಾತ್ರ ಆ ಮಾತು ಹಿಡಿಸಿತು. ಸುಳ್ಳು ಗಡುವು ಒಂದೊಂದೇ ತಪ್ಪುತ್ತಾ ಹೋದರೆ ಮನುಷ್ಯ ಒಳಗೊಳಗೇ ಕುಸಿಯುತ್ತಾನೆ. ಕೊನೆಗೆ ಇಲಿ ಬಿಲ ತೋಡಿದ ಹಾಗೆ ಕೈಯಲ್ಲೇ ಅಗೆಯುವ ಕಾರ್ಮಿಕರು ಬಂದು ಉಳಿದ ದಾರಿ ಬಿಡಿಸಿದರು. ನವೆಂಬರ್ 28ರ ರಾತ್ರಿ, 17ನೇ ದಿನ, 41 ಜನರೂ ಹೊರಗೆ ಬಂದರು.

ಈಗ ನನ್ನ ದಡ್ಡತನದ ಕಥೆ. 2021ರ ಮೇ, ಕೊರೊನಾ ಎರಡನೇ ಅಲೆ. ನನ್ನ ಗೆಳೆಯನೊಬ್ಬ ಮಹಡಿ ಮೇಲಿನ ರೂಮಲ್ಲಿ ಒಬ್ಬನೇ ಇದ್ದ. ನಾನು ದಿನಾ ಬೆಳಿಗ್ಗೆ ಮೆಸೇಜ್ ಹಾಕುತ್ತಿದ್ದೆ: 'ಏನೂ ಆಗಲ್ಲ ಕಣೋ, ಪಾಸಿಟಿವ್ ಆಗಿರು.' ಪಾಸಿಟಿವ್ ಬಂದವನಿಗೇ! ಮೂರನೇ ದಿನ ಅವನು ಉತ್ತರ ಕೊಡೋದನ್ನೇ ನಿಲ್ಲಿಸಿದ. ಅದೇ ಹೊತ್ತಿಗೆ ಅವನಮ್ಮ ಕೆಳಗಿನಿಂದ ಫೋನ್ ಮಾಡಿ ಪೇಪರಿನ ಪದಬಂಧ ಓದುತ್ತಿದ್ದರಂತೆ.

'ಎಡದಿಂದ ಬಲಕ್ಕೆ, ಎತ್ತಿನ ಕೊರಳಲ್ಲಿ ಇರೋದು, ಎರಡಕ್ಷರ.'

'ನೊಗ.'

'ಅಲ್ಲ ಕಣೋ, ಕೊನೆಗೆ ಟೆ ಬರಬೇಕು.'

'ಹಾಗಾದ್ರೆ ಗಂಟೆ ಅಮ್ಮಾ.'

ದಿನಾ ಹತ್ತು ಗಂಟೆಗೆ ಇದೇ. ಜ್ವರ ಎಷ್ಟಿದೆ, ಊಟ ಆಯ್ತಾ ಅಂತ ಕೇಳೋದು ಆಮೇಲೆ. 'ಹತ್ತಕ್ಕೆ ಫೋನ್ ಬರುತ್ತೆ, ಅಷ್ಟರೊಳಗೆ ಮುಖ ತೊಳೆದುಕೊಳ್ಳಬೇಕು ಅನ್ನೋದೊಂದೇ ನನಗಿದ್ದ ಕೆಲಸ' ಅಂತ ಅವನು ಆಮೇಲೆ ಹೇಳಿದ. ನನ್ನ ಮೆಸೇಜುಗಳ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಊರು ಬಿಟ್ಟು ಬಂದು ರೂಮಲ್ಲಿ ಒಬ್ಬರೇ ಕೂತು ಪರೀಕ್ಷೆಗೆ ಓದುತ್ತಿದ್ದೀರಿ. ನೋಟಿಫಿಕೇಶನ್ ಯಾವಾಗಲೋ, ರಿಸಲ್ಟ್ ಯಾವಾಗಲೋ. ಹಬ್ಬಕ್ಕೆ ಹೋದರೆ ನೆಂಟರು ಕೇಳುತ್ತಾರೆ ಅಂತ ಹೋಗೋದನ್ನೂ ಬಿಟ್ಟವರಿದ್ದೀರಿ, ಅಲ್ವಾ? ಈ ಸಲ ಖಂಡಿತ ಆಗುತ್ತೆ ಅಂತ ನಾನು ಹೇಳಲಾರೆ, ನನಗೇನು ಗೊತ್ತು. ಪಕ್ಕದ ರೂಮಿನವನು ನಾಲ್ಕು ದಿನದಿಂದ ಲೈಬ್ರರಿಗೆ ಬಂದಿಲ್ಲ ಅನ್ನೋದು ನಿಮಗೆ ಗೊತ್ತಿರುತ್ತದೆ. ಸುಮ್ನೆ ಹೋಗಿ ಬಾಗಿಲು ತಟ್ಟಿ. ಒಂದು ಲೆಕ್ಕ ಬರ್ತಾ ಇಲ್ಲ, ಹೇಳಿಕೊಡು ಅನ್ನಿ.

ಹೊರಗೆ ಮಂಡಕ್ಕಿ, ಮಿರ್ಚಿ ತಂದಿಟ್ಟಿದ್ದಾರೆ, ವಾಸನೆ ಇಲ್ಲಿಯವರೆಗೂ ಬರುತ್ತಿದೆ. ತಣ್ಣಗಾಗೋ ಮೊದಲು ತಿನ್ನೋಣ. ಹೋಗುವಾಗ ಅವನಿಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋಗಿ.