ಜಾಮೀನು ಸಿಕ್ಕಿತು, ಸಾಮಾನು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಶೀಟಿನ ಮೇಲೆ ಮಳೆ ಹೀಗೆ ಬಡಿಯುವಾಗ ಮೈಕ್ ಇಲ್ಲದಿದ್ದರೆ ನಾನು ಇಲ್ಲಿ ಸುಮ್ನೆ ಬಾಯಿ ಆಡಿಸಿದ ಹಾಗೆ ಆಗುತ್ತಿತ್ತು.

ಮೈಕಿನಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷದ ಹಿಂದೆ ದಕ್ಷಿಣ ಕೊಡಗಿನ ಒಂದೂರಲ್ಲಿ ರಸ್ತೆ ಬದಿಯ ಮರ ಕಡಿಯಬೇಡಿ ಅಂತ ಜನ ಧರಣಿ ಕೂತಿದ್ದರು. ಎರಡನೇ ದಿನ ಪೊಲೀಸರು ಬಂದು ಎಬ್ಬಿಸಿದರು. ಕೆಲವರ ಮೇಲೆ ಕೇಸಾಯಿತು. ಸಂಜೆಗೆ ಠಾಣೆಯಲ್ಲೇ ಜಾಮೀನು ಕೊಟ್ಟು ಕಳಿಸಿದರು. ಹೊರಗೆ ಹಾರ, ಜೈಕಾರ, ಫೋಟೋ. ವಕೀಲ ಅಂತ ನಾನೂ ಆ ಫೋಟೋದಲ್ಲಿ ನಿಂತೆ. ಎಲ್ಲರೂ ಹೋದ ಮೇಲೂ ಗೇಟಿನ ಹತ್ತಿರ ಒಬ್ಬ ಹುಡುಗ ನಿಂತೇ ಇದ್ದ. 'ಸಾರ್, ನನ್ನ ಆಂಪ್ಲಿಫೈಯರ್?' ಅಂದ.

ಅವನು ಹೋರಾಟಗಾರನಲ್ಲ. ಬಾಡಿಗೆಗೆ ಮೈಕ್ ಹಾಕುವವನು. ಅವನ ಆಂಪ್ಲಿಫೈಯರ್, ಎರಡು ಹಾರ್ನು, ಒಂದು ಸಣ್ಣ ಜನರೇಟರು, ಎಲ್ಲ ಪೊಲೀಸ್ ಜೀಪು ಏರಿತ್ತು. 'ನಾಳೆ ನೋಡೋಣಪ್ಪ' ಅಂದೆ. ಆ ನಾಳೆ ಬರಲು ಏಳು ತಿಂಗಳು ಹಿಡಿಯಿತು. ಧರಣಿ ನಡೆದದ್ದು ಮಾರ್ಚಿನಲ್ಲಿ. ಮದುವೆ ಸೀಸನ್ ಹೋಯಿತು. ಮಳೆಗಾಲ ಪೂರ್ತಿ ಸಾಮಾನು ಠಾಣೆಯ ಹಿಂದಿನ ಶೆಡ್ಡಿನಲ್ಲಿ ಬಿದ್ದಿತ್ತು. ಕೈಗೆ ಬಂದಾಗ ಆಂಪ್ಲಿಫೈಯರಿನ ಒಳಗೆ ಬೂಸ್ಟು ಹಿಡಿದಿತ್ತು, ಒಂದು ಹಾರ್ನಿನಲ್ಲಿ ಕಣಜ ಗೂಡು ಕಟ್ಟಿತ್ತು.

ತಪ್ಪು ನನ್ನದೂ ಹೌದು. ಜಾಮೀನಿನ ಅರ್ಜಿ ಬಗ್ಗೆ ಯೋಚನೆ ಮಾಡಿದ್ದೆ, ಸಾಮಾನಿನ ಬಗ್ಗೆ ಮಾಡಿರಲಿಲ್ಲ. ಆ ಕೇಸಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ. ಆದರೆ ಆ ಸುತ್ತಿನಲ್ಲಿ ಇವತ್ತಿಗೂ ಧರಣಿ ಅಂದರೆ ಮೈಕ್ ಬಾಡಿಗೆಗೆ ಸಿಗುವುದಿಲ್ಲ. ಪಿಕಪ್‌ನವರು ಬರುವುದಿಲ್ಲ. ಶಾಮಿಯಾನದವರು ಫೋನ್ ಎತ್ತುವುದಿಲ್ಲ.

ಅದಕ್ಕೇ ಇವತ್ತು ನಾನು ಜಾಮೀನಿನ ವಿಷಯ ಜಾಸ್ತಿ ಮಾತಾಡುವುದಿಲ್ಲ. ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಹುಡುಕಾಟ ಮತ್ತು ಜಪ್ತಿ ಆದ ಮೇಲೆ ಏನು ಮಾಡಬೇಕು, ಅದನ್ನು ನೋಡೋಣ.

ನಮ್ಮ ಜಿಲ್ಲೆಗೆ ಪರಿಸರದ ಜಗಳ ಹೊಸದಲ್ಲ. ಮೈಸೂರು–ಕೋಝಿಕ್ಕೋಡ್ 400 ಕೆ.ವಿ. ವಿದ್ಯುತ್ ಮಾರ್ಗಕ್ಕೆ ಸಾವಿರಾರು ಮರ ಉರುಳಿದಾಗ ಜನ ಬೀದಿಗೂ ಬಂದರು, ಹೈಕೋರ್ಟಿಗೂ ಹೋದರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದ್ದು ನಿಮಗೆ ನೆನಪಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಮೇಲಂತೂ ಮರ, ರೆಸಾರ್ಟು, ರಸ್ತೆ ಅಂದರೆ ಸುಮ್ಮನಿರುತ್ತಿದ್ದವರೂ ಎದ್ದು ಕೇಳುತ್ತಾರೆ. ಕೇಳಲಿ. ಶಾಂತಿಯಿಂದ, ಆಯುಧ ಇಲ್ಲದೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅದಕ್ಕೆ ಮಿತಿಗಳೂ ಇವೆ, ಅದು ಬೇರೆ ಉಪನ್ಯಾಸ.

ಈಗ ಮನೆ ಬಾಗಿಲಿಗೆ ಬರೋಣ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆ, ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಪೊಲೀಸರು ಹುಡುಕಲು ಬಂದರೆ ಒಂದೋ ಕೋರ್ಟಿನ ವಾರಂಟ್ ಇರಬೇಕು, ಇಲ್ಲವೇ ವಾರಂಟ್ ತರುವಷ್ಟು ಸಮಯ ಇಲ್ಲ ಅನ್ನುವುದಕ್ಕೆ ಕಾರಣವನ್ನು ತನಿಖಾಧಿಕಾರಿ ಮೊದಲೇ ಬರೆದಿಟ್ಟಿರಬೇಕು. ಇದು 185ನೇ ಸೆಕ್ಷನ್. ಹಾಗೆ ಬರೆದದ್ದರ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಹಾಕಿದರೆ ಅದರ ಪ್ರತಿ ಪುಕ್ಕಟೆ ಸಿಗುತ್ತದೆ. ಈ ಅರ್ಜಿಯನ್ನು ಯಾರೂ ಹಾಕುವುದಿಲ್ಲ ಅನ್ನುವುದೇ ನನ್ನ ದೊಡ್ಡ ದೂರು. ಅರ್ಧ ಹಾಳೆಯ ಕೆಲಸ ಅದು.

ಬಂದವರನ್ನು ತಡೆಯಬೇಡಿ. ಬಾಗಿಲಿಗೆ ಕೈ ಅಡ್ಡ ಇಟ್ಟರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಇನ್ನೊಂದು ಕೇಸು ಬೀಳುತ್ತದೆ. ಕೇಳಿ ಅಷ್ಟೇ. 'ವಿಡಿಯೋ ಆನ್ ಇದೆಯಾ ಸಾರ್?' ಈಗ ಅದು ಕಡ್ಡಾಯ. 105ನೇ ಸೆಕ್ಷನ್ ಪ್ರಕಾರ ಹುಡುಕಾಟ, ಜಪ್ತಿ, ಪಟ್ಟಿ ಬರೆಯುವುದು, ಸಾಕ್ಷಿಗಳು ಸಹಿ ಹಾಕುವುದು ಎಲ್ಲವನ್ನೂ ಚಿತ್ರೀಕರಿಸಬೇಕು. ಮೊಬೈಲಿನಲ್ಲಾದರೂ ಸಾಕು. ಆ ರೆಕಾರ್ಡಿಂಗ್ ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಊರಿನ ಇಬ್ಬರು ಸ್ವತಂತ್ರ ಸಾಕ್ಷಿಗಳು, ಅಂದರೆ ಪಂಚರು, ಇರಬೇಕು. ಹೆಂಗಸರ ಮೈ ಶೋಧ ಮಾಡುವುದು ಹೆಂಗಸರೇ. ಮನೆಯವರು ಹುಡುಕಾಟದ ಉದ್ದಕ್ಕೂ ಜೊತೆಗೆ ನಿಲ್ಲಬಹುದು. 'ನೀವು ಹೊರಗೆ ಜಗಲಿಯಲ್ಲಿ ಕೂತಿರಿ' ಅಂದರೆ, 'ಇಲ್ಲ ಸಾರ್, ಜೊತೆಗೇ ಇರುತ್ತೇನೆ' ಅನ್ನಿ.

ಎಲ್ಲಕ್ಕಿಂತ ಮುಖ್ಯ ಮಹಜರ್, ಅಂದರೆ ಏನೇನು ಎತ್ತಿಕೊಂಡರು ಅಂತ ಪಂಚರ ಮುಂದೆ ಸ್ಥಳದಲ್ಲೇ ಬರೆಯುವ ಕಾಗದ. ನಾನು ಒಂದು ಮಹಜರ್ ಓದಿದ್ದೆ. 'ಕಪ್ಪು ಬಣ್ಣದ ಹಳೆಯ ಮೊಬೈಲ್ ಒಂದು, ಲ್ಯಾಪ್‌ಟಾಪ್ ಒಂದು, ಬ್ಯಾನರ್, ಫೈಲುಗಳು ಇತ್ಯಾದಿ.' ಆ 'ಇತ್ಯಾದಿ'ಯಲ್ಲಿ ಒಂದು ಸಂಘದ ಹನ್ನೆರಡು ವರ್ಷದ ಮಳೆ ಲೆಕ್ಕದ ಪುಸ್ತಕ ಇತ್ತು. ಒಬ್ಬ ಮೇಷ್ಟ್ರು ದಿನಾ ಬೆಳಿಗ್ಗೆ ಅಳೆದು ಬರೆದದ್ದು. ಎಷ್ಟು ಪುಸ್ತಕ, ಯಾವ ವರ್ಷದ್ದು, ಮಹಜರಿನಲ್ಲಿ ಇಲ್ಲ. ಇಲ್ಲದ್ದನ್ನು ವಾಪಸ್ ಕೊಡಿ ಅಂತ ಕೇಳುವುದು ಹೇಗೆ? ಮಹಜರಿನಲ್ಲಿ 'ಇತ್ಯಾದಿ' ಕಂಡರೆ ಅಲ್ಲೇ ನಿಲ್ಲಿಸಿ. ಒಂದೊಂದನ್ನೂ ಬರೆಯಿರಿ ಅಂತ ಕೇಳಿ. ಮೊಬೈಲ್ ಆದರೆ ಕಂಪನಿ, ಐಎಂಇಐ ನಂಬರ್, ಅಂದರೆ ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್. ಸಹಿ ಹಾಕುವಾಗ ಪಕ್ಕದಲ್ಲಿ ಗಂಟೆ ಹಾಕಿ. ಆಕ್ಷೇಪ ಇದ್ದರೆ ಅಲ್ಲೇ ಒಂದು ಸಾಲು ಬರೆಯಿರಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಪಟ್ಟಿಯ ಪ್ರತಿ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು.

ಎರವರ, ಕುರುಬರ ಹಾಡಿಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ ಇನ್ನೊಂದು ತೊಂದರೆ. ಮಹಜರ್ ಕನ್ನಡದಲ್ಲಿರುತ್ತದೆ. ಮನೆಯವರಿಗೆ ಓದಲು ಬಾರದೆ ಇರಬಹುದು. ಮನೆಯಲ್ಲಿ ಆಡುವುದು ಬೇರೆ ಭಾಷೆ. ಹೆಬ್ಬೆಟ್ಟು ಒತ್ತುವ ಮೊದಲು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಆ 'ಯಾರಾದರೂ' ಯಾರು ಅಂತ ಧರಣಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ.

ನಮ್ಮಲ್ಲಿ ಮಾತ್ರ ಬರುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕಾಗದ ಹುಡುಕಲು ಬಂದವರ ಕಣ್ಣಿಗೆ ಗೋಡೆಯ ಮೇಲಿನ ಕೋವಿ ಬೀಳುತ್ತದೆ. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಆದೇಶ 2029ರವರೆಗೆ ಇದೆ. ಆದರೆ ವಿನಾಯಿತಿ ಪತ್ರ ಅಜ್ಜನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಬೆಂಗಳೂರಿನ ಚಿಕ್ಕಪ್ಪನ ಹತ್ತಿರ. ಹೀಗಾದರೆ ಮರದ ಕೇಸಿಗೆ ಕೋವಿ ಕೇಸೂ ಅಂಟಿಕೊಳ್ಳಬಹುದು. ಪತ್ರದ ಪ್ರತಿ ಮನೆಯಲ್ಲಿ ಕೈಗೆ ಸಿಗುವ ಹಾಗಿರಲಿ. ಇನ್ನು ಧರಣಿಗೆ ಕೋವಿ, ಒಡಿಕತ್ತಿ ಹಿಡಿದು ಬರುವುದು ಬೇಡ. ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಎಫ್‌ಐಆರ್‌ನಲ್ಲಿ ಅಷ್ಟು ಚೆಂದ ಕಾಣುವುದಿಲ್ಲ.

ಸಾಮಾನು ಠಾಣೆಗೆ ಹೋಯಿತು. ಮುಂದೆ? ಪೊಲೀಸರು ಅದನ್ನು ಮುದ್ದೆಮಾಲು ಅನ್ನುತ್ತಾರೆ. ಅದಕ್ಕೆ ಒಂದು ಪಿ.ಎಫ್., ಅಂದರೆ ಪ್ರಾಪರ್ಟಿ ಫಾರ್ಮ್, ನಂಬರ್ ಬೀಳುತ್ತದೆ. ಎಫ್‌ಐಆರ್ ನಂಬರ್ ಬರೆದುಕೊಳ್ಳುವವರು ಈ ನಂಬರನ್ನೂ ಬರೆದುಕೊಳ್ಳಿ. ಜಪ್ತಿ ಮಾಡಿದ್ದನ್ನು ಪೊಲೀಸರು ಮ್ಯಾಜಿಸ್ಟ್ರೇಟರಿಗೆ ಕೂಡಲೇ ತಿಳಿಸಬೇಕು. ನೀವು ಆ ಕೋರ್ಟಿನಲ್ಲಿ 497 ಅಥವಾ 503ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಿ ಸಾಮಾನನ್ನು ನಿಮ್ಮ ಸುಪರ್ದಿಗೆ ಕೇಳಬಹುದು. ಕೇಸು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಇದನ್ನು ಹೇಳಿದೆ. ವಾಹನಗಳನ್ನು ಠಾಣೆ ಮುಂದೆ ತುಕ್ಕು ಹಿಡಿಯಲು ಬಿಡಬೇಡಿ, ಫೋಟೋ ತೆಗೆದು, ಮಹಜರ್ ಬರೆದು, ಬಾಂಡ್ ಪಡೆದು ಕೊಟ್ಟುಬಿಡಿ, ಇದು ಅದರ ಸಾರಾಂಶ. ಆ ಪ್ರಕರಣದ ತಮಾಷೆ ಕೇಳಿ. ಅಲ್ಲಿ ಆರೋಪಿಗಳು ಪೊಲೀಸರೇ. ಠಾಣೆಯಲ್ಲಿದ್ದ ಮುದ್ದೆಮಾಲನ್ನೇ ಬದಲಾಯಿಸಿದ ಆರೋಪ! ಈಗ ಹೊಸ ಸಂಹಿತೆಯಲ್ಲಿ ದಿನಗಳ ಲೆಕ್ಕವೂ ಇದೆ. ಸಾಮಾನು ಕೋರ್ಟಿನ ಮುಂದೆ ಬಂದ 14 ದಿನದಲ್ಲಿ ಅದರ ವಿವರ ಪಟ್ಟಿ ಆಗಬೇಕು, ಫೋಟೋ ಅಥವಾ ವಿಡಿಯೋ ಆಗಬೇಕು, ಅಲ್ಲಿಂದ 30 ದಿನದಲ್ಲಿ ಏನು ಮಾಡುವುದು ಅಂತ ಆದೇಶ ಆಗಬೇಕು. ಕಾನೂನು ಹೀಗಿದೆ ಅಂತ ತಾನಾಗಿ ನಡೆಯುವುದಿಲ್ಲ. ಅರ್ಜಿ ಬೇಕು.

ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಗೊತ್ತಾ? ಆರ್‌ಸಿಯಲ್ಲಿ. ಪಿಕಪ್ ಓಡಿಸುವವನು ಅಣ್ಣ, ಆರ್‌ಸಿ ತಮ್ಮನ ಹೆಸರಲ್ಲಿ, ಸಾಲ ಫೈನಾನ್ಸಿನವರದ್ದು, ಇನ್ಶೂರೆನ್ಸ್ ಮುಗಿದು ಎರಡು ತಿಂಗಳು. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಪಿಕಪ್ ಠಾಣೆಯಲ್ಲಿ ನಿಂತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಗದ ಸರಿ ಇಲ್ಲದ ಗಾಡಿಯನ್ನು ಧರಣಿಗೆ ತರಬೇಡಿ. ಮೈಕಿನವರ ಹತ್ತಿರ, ಶಾಮಿಯಾನದವರ ಹತ್ತಿರ ಬಾಡಿಗೆ ರಸೀದಿ ಬರೆಸಿಕೊಳ್ಳಿ. ಸಾಮಾನು ಯಾರದ್ದು ಅಂತ ತೋರಿಸಲು ಆ ಚೀಟಿ ಸಾಕಾಗುತ್ತದೆ. ಆ ಹುಡುಗನ ಹತ್ತಿರ ಅದೂ ಇರಲಿಲ್ಲ.

ಅರಣ್ಯ ಇಲಾಖೆಯ ಕೇಸಾದರೆ ದಾರಿ ಬೇರೆ. ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ವಾಹನವನ್ನು ಮುಟ್ಟುಗೋಲು ಹಾಕುವ ಅಧಿಕಾರ ಅರಣ್ಯಾಧಿಕಾರಿಗೇ ಇದೆ. ಅಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಓಡಿ ದಿನ ಕಳೆಯಬೇಡಿ. ಮೊದಲು ವಕೀಲರಿಗೆ ಕೇಸಿನ ಸೆಕ್ಷನ್ ತೋರಿಸಿ.

ಮೊಬೈಲ್ ಬಗ್ಗೆ ಜಾಸ್ತಿ ಪ್ರಶ್ನೆ ಬರುತ್ತದೆ. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದ್ದು ಇಷ್ಟು: ತುರ್ತು ಸಂದರ್ಭ ಬಿಟ್ಟರೆ, ಫೋನಿನ ಒಳಗೆ ಹುಡುಕಲು ಕೋರ್ಟಿನ ವಾರಂಟ್ ಬೇಕು. ಆದರೆ ಪಾಸ್‌ವರ್ಡ್ ಕೇಳಲೇಬಾರದು ಅಂತ ಅದು ಹೇಳಿಲ್ಲ. ಇದನ್ನು ಅರ್ಧ ಓದಿ ಠಾಣೆಯಲ್ಲಿ ವಾದಕ್ಕೆ ನಿಲ್ಲುವವರಿದ್ದಾರೆ. ಬೇಡ. 'ಕೋರ್ಟಿನ ಆದೇಶ ಬರಲಿ ಸಾರ್, ನನ್ನ ವಕೀಲರ ಹತ್ತಿರ ಮಾತಾಡಿ ಹೇಳುತ್ತೇನೆ' ಅನ್ನಿ. ಫೋನ್, ಲ್ಯಾಪ್‌ಟಾಪ್ ಹೋದರೆ ಹ್ಯಾಶ್ ವ್ಯಾಲ್ಯೂ ಕೇಳಿ. ಒಳಗಿನ ಮಾಹಿತಿಯ ಬೆರಳಚ್ಚು ಅಂದುಕೊಳ್ಳಿ. ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಆಮೇಲೆ ಅರ್ಜಿಯಲ್ಲಿ, ನಕಲು ಇಟ್ಟುಕೊಂಡು ಫೋನ್ ವಾಪಸ್ ಕೊಡಿ ಅಂತ ಕೇಳಿ. ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನು 2021ರ ಫೆಬ್ರವರಿ 13ರಂದು ದೆಹಲಿ ಪೊಲೀಸರು ಹಿಡಿದಾಗ ಕೇಸು ನಿಂತದ್ದು ರೈತ ಹೋರಾಟದ ಬಗ್ಗೆ ಇದ್ದ ಒಂದು ಆನ್‌ಲೈನ್ ದಾಖಲೆಯ ಮೇಲೆ. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ಹೋರಾಟ ಹೊಲದಲ್ಲಿ ನಡೆದರೂ ಸಾಕ್ಷಿ ಹುಡುಕುವುದು ಫೋನಿನಲ್ಲಿ.

ಹುಡುಕಾಟ ತಪ್ಪಾಗಿತ್ತು ಅಂದ ಮಾತ್ರಕ್ಕೆ ಕೇಸು ಬಿದ್ದೇ ಹೋಗುತ್ತದೆ ಅಂತ ನಂಬಬೇಡಿ. ಸಿಕ್ಕಿದ ವಸ್ತುವನ್ನು ಕೋರ್ಟು ಸಾಕ್ಷಿಯಾಗಿ ನೋಡಬಹುದು, ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪು ಹಾಗೇ ಹೇಳುತ್ತದೆ. ತಪ್ಪನ್ನು ಬರೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ, ಅಷ್ಟೇ. ಇಂಗ್ಲೆಂಡಿನಲ್ಲಿ 2008ರಲ್ಲಿ ಕಿಂಗ್ಸ್‌ನಾರ್ತ್ ಅನ್ನುವ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹತ್ತಿರ ಶಿಬಿರ ಹಾಕಿದವರನ್ನು ಪೊಲೀಸರು ಸಾಲಾಗಿ ಜಾಲಾಡಿದರು. ಮಕ್ಕಳ ಕ್ರೇಯಾನ್, ಸೋಪು ಎಲ್ಲ ಎತ್ತಿಕೊಂಡರು. ಸೋಪು! ಕೆಲವರು ಬಿಡದೆ ಕೋರ್ಟಿಗೆ ಹೋದರು. 2010ರಲ್ಲಿ ಆ ಹುಡುಕಾಟ ಕಾನೂನಿಗೆ ವಿರುದ್ಧ ಅಂತ ಪೊಲೀಸರೇ ಹೈಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು.

ಜಾಮೀನಿಗೆ ಶ್ಯೂರಿಟಿ ಕೊಡುವ ವಿಷಯ. ಆರ್‌ಟಿಸಿ ತನ್ನಿ ಅನ್ನುತ್ತಾರೆ. ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಕುಟುಂಬದ ಮುಖ್ಯಸ್ಥರಾದ ಪಟ್ಟೇದಾರರ ಹೆಸರು, ಜೊತೆಗೆ ಒಕ್ಕದವರ, ಅಂದರೆ ಅದೇ ಮನೆತನದವರ, ಅರ್ಧ ಡಜನ್ ಹೆಸರು. ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಕೆನಡಾದಲ್ಲಿ. ಲೈನ್ ಮನೆಯವರಿಗೆ ಆರ್‌ಟಿಸಿಯೇ ಇಲ್ಲ. 1978ರ ಮೋತಿ ರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಡವನ ಮೇಲೆ ಇಂಥ ಶ್ಯೂರಿಟಿಯ ಹೊರೆ ಹೇರುವುದನ್ನು ಕಟುವಾಗಿ ಟೀಕಿಸಿದ್ದಾರೆ. ನಿಮ್ಮ ವಕೀಲರಿಗೆ ಅದನ್ನು ನೆನಪಿಸಿ. ಮರೆತಿರುತ್ತೇವೆ ನಾವು.

ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾಯ್ದೆ ಅದು. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋದ ಮೇಲೆ, 'ಜಾಮೀನಿನ ಜೊತೆ ಸಾಮಾನಿನ ಅರ್ಜಿಯೂ ಆಗಬೇಕು' ಅಂತ ಬಾಯಿ ಬಿಟ್ಟು ಹೇಳಿ.

ಇನ್ನು ನಿಮ್ಮ ಸಂಘದಲ್ಲಿ ಒಬ್ಬರು ಧರಣಿಗೆ ಬರಲೇಬಾರದು. ಹೌದು, ಬರಬಾರದು. ಮನೆಯಲ್ಲೇ ಫೋನ್ ಹತ್ತಿರ ಕೂತಿರಬೇಕು. ಒಂದು ನೋಟ್‌ಬುಕ್ಕು, ಎಲ್ಲರ ಮನೆಯವರ ನಂಬರ್, ಐಎಂಇಐ ಪಟ್ಟಿ, ಆರ್‌ಸಿ ಪ್ರತಿಗಳು. ಯಾರನ್ನು ಎಷ್ಟು ಗಂಟೆಗೆ ಕರೆದುಕೊಂಡು ಹೋದರು, ಏನು ಎತ್ತಿಕೊಂಡರು, ಅದನ್ನು ಬರೆಯುವುದೇ ಕೆಲಸ. ಫೋಟೋದಲ್ಲಿ ಇವರು ಇರುವುದಿಲ್ಲ. ಯಾರೂ ಹಾರ ಹಾಕುವುದಿಲ್ಲ. ಆದರೆ ಮೂರು ತಿಂಗಳಾದ ಮೇಲೆ ನನ್ನಂಥವನು ಅರ್ಜಿ ಬರೆಯಲು ಕೂತಾಗ ಆ ನೋಟ್‌ಬುಕ್ಕೇ ಬೇಕು. ಐಎಂಇಐ ಈಗಲೇ ನೋಡಿಕೊಳ್ಳಬಹುದು. ಸ್ಟಾರ್, ಹ್ಯಾಶ್, ಸೊನ್ನೆ ಆರು, ಹ್ಯಾಶ್ ಒತ್ತಿ. ಬಂತಾ? ಕಾಗದದಲ್ಲಿ ಬರೆದುಕೊಳ್ಳಿ. ಫೋಟೋ ತೆಗೆದು ಅದೇ ಫೋನಿನಲ್ಲಿ ಇಟ್ಟುಕೊಂಡರೆ ಏನು ಉಪಯೋಗ?

ಪ್ರಶ್ನೆಗಳಿಗೆ ಬರೋಣ. ಕಿಟಕಿ ಪಕ್ಕ ಕೂತ ಅಕ್ಕ ಆಗಿನಿಂದ ಒಂದು ಮಡಚಿದ ಕಾಗದ ಹಿಡಿದುಕೊಂಡು ಕಾಯುತ್ತಿದ್ದಾರೆ. ಮಹಜರ್ ಪ್ರತಿಯ ಹಾಗೆ ಕಾಣುತ್ತದೆ. ಅಕ್ಕ, ಇಲ್ಲಿ ತನ್ನಿ. ಮೊದಲು ಅದನ್ನೇ ಓದೋಣ.