ಹೆಸರು ಹೆಂಗಿದೆ ಅಂತ ಕೇಳಿದಾಗ

ಕೇಳುಗರಿಗೆ ನಮಸ್ಕಾರ.

ಸ್ನೇಹಿತರ ಮನೆಯಲ್ಲಿ ಮಗು ಹುಟ್ಟಿದರೆ ಈಗ ಮೈಸೂರು ಪಾಕಿಗಿಂತ ಮೊದಲು ವಾಟ್ಸಾಪಿನಲ್ಲಿ ಹೆಸರಿನ ಪಟ್ಟಿ ಬರುತ್ತದೆ. ಕೆಳಗೊಂದು ಸಾಲು: ‘ಹೆಂಗಿದೆ? ಸುಳ್ಳು ಹೇಳ್ಬೇಡ ಕಣೋ.’ ನಾವೋ, ಓದಲು ತಡವರಿಸಿದರೂ ‘ಸೂಪರ್’ ಎಂದು ಕಳಿಸಿಬಿಡುತ್ತೇವೆ. ಯಥಾರ್ಥವಾದಿ ಲೋಕವಿರೋಧಿ ಅಲ್ಲವೇ!

ಹಾಗಂತ ಆ ಹೆಸರುಗಳೆಲ್ಲ ಬರೀ ಶೋಕಿಯವಲ್ಲ. ಆರಿದ್ರಾ ನಕ್ಷತ್ರಕ್ಕೆ ಜೋಯಿಸರು ಕೊಡುವ ಅಕ್ಷರಗಳು ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ‘ಠ’ ಹಿಡಿದು ಹೊರಟ ಅಪ್ಪ ಎಲ್ಲಿಗೆ ಹೋದಾನು? ಜನ್ಮನಾಮ ಒಂದು, ಕರೆಯುವ ಹೆಸರು ಇನ್ನೊಂದು ಇಟ್ಟುಕೊಳ್ಳಿ ಅಂತ ನೆನಪಿಸಿದರೆ ಎಷ್ಟೋ ಸಲ ಅಷ್ಟೇ ಸಾಕು.

ವಿಚಿತ್ರ ಹೆಸರು ನಮಗೆ ಹೊಸದೂ ಅಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ದೃಷ್ಟಿ ತಾಕದಿರಲಿ ಅಂತ ತಿಪ್ಪ, ಗುಂಡ ಎಂದು ಇಡುತ್ತಿದ್ದರು. ಅಷ್ಟೇಕೆ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದಾಗ ‘ಆಕಾಶವಾಣಿ’ ಕೂಡ ಎಷ್ಟೋ ಜನರಿಗೆ ಪುರಾಣದ ಮಾತಿನಂತೆ ಕೇಳಿರಬೇಕು. ಆದ್ದರಿಂದ ‘ನನಗೆ ಹಿಡಿಸಲಿಲ್ಲ’ ಎಂಬುದು ಅಭಿಪ್ರಾಯವೇ ಅಲ್ಲ, ನಮ್ಮ ಕಿವಿಯ ಅಭ್ಯಾಸ. ಮಗುವಿಗೆ ತೊಂದರೆ ಆಗುವಂತಿದ್ದರೆ ಮಾತ್ರ ಬಾಯಿ ಬಿಡಬೇಕು.

ಅದಕ್ಕೂ ಒಂದು ದಾರಿ ಇದೆ. ಗೆಳೆಯನೊಬ್ಬ ‘ಹ್ರಿಧಾನ್’ ಅಂತ ಹೇಳಿಕೊಂಡು ಬಂದ. ‘ಚೆನ್ನಾಗಿದೆ, ಒಂದ್ಸಲ ನಿಮ್ಮವ್ವನ ಕೈಲಿ ಕೂಗ್ಸು’ ಅಂದೆ. ಮದ್ದೂರು ಕಡೆಯ ಅವ್ವ ಬಾಗಿಲಲ್ಲಿ ನಿಂತು, ಸೊಂಟಕ್ಕೆ ಕೈಕೊಟ್ಟು, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದರು: ‘ಏಯ್ ರಿದಾನಾ, ಬಾರ್ಲಾ ಉಣ್ಣಕ್ಕೆ!’ ಹಾಲನ್ನೇ ಆಲು ಅನ್ನುವ ಸೀಮೆ ನಮ್ಮದು, ‘ಹ್ರಿ’ ಎಲ್ಲಿ ನಿಲ್ಲುತ್ತದೆ? ಗೆಳೆಯ ಬಿದ್ದು ಬಿದ್ದು ನಕ್ಕ. ಅವನ ಹೆಂಡತಿ ನಗಲಿಲ್ಲ. ಆದರೆ ವಾರದೊಳಗೆ ಆ ಹೆಸರನ್ನು ಪಟ್ಟಿಯಿಂದ ತೆಗೆದದ್ದು ಆಕೆಯೇ.

ಇನ್ನೊಂದು, ಇಂಗ್ಲಿಷ್ ಸ್ಪೆಲ್ಲಿಂಗು. ಸಂಖ್ಯಾಶಾಸ್ತ್ರದವರು ಹೇಳಿದರೆಂದು ಒಂದು ‘ಎ’ ಜಾಸ್ತಿ ಸೇರಿಸಿದರೆ, ಆಧಾರಿನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಆಗಿ, ಆ ಹುಡುಗ ಅಫಿಡವಿಟ್ ಹಿಡಿದು ಅಲೆಯಬೇಕಾದೀತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಇದನ್ನು ಮುಲಾಜಿಲ್ಲದೆ ಹೇಳಿ.

ಅವಸರವೂ ಬೇಡ. ಜನನವನ್ನು 21 ದಿನದೊಳಗೆ ತಿಳಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ನಿಮ್ಮ ಯಥಾರ್ಥಕ್ಕೆ ಇರುವ ಕಾಲ ಅದು. ಹೇಳುವುದನ್ನು ಫೋನ್ ಮಾಡಿ ಒಬ್ಬರಿಗೇ ಹೇಳಿ. ಗ್ರೂಪಿನಲ್ಲಿ ಬೇಡ, ಅತ್ತೆ ಮಾವನ ಎದುರಿಗಂತೂ ಬೇಡವೇ ಬೇಡ.

ತೊಟ್ಟಿಲಿಗೆ ಹಾಕಿ ಹೆಸರು ಕೂಗಿದ ಮೇಲೆ ಮಾತ್ರ ಮುಗಿಯಿತು. ಆಗ ‘ಯಾರು ಹುಡುಕಿದ್ದು ಈ ಹೆಸರು?’ ಅಂತ ಕೇಳಿ ಸುಮ್ಮನೆ ಕೂತುಬಿಡಿ. ಹೋಳಿಗೆ ಊಟ ಮುಗಿಯುವವರೆಗೂ ಅವರೇ ಹೇಳುತ್ತಿರುತ್ತಾರೆ, ನಿಮ್ಮ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ನಮಸ್ಕಾರ.