ಬೆಲ್ಲ, ಜೋಳದ ರೊಟ್ಟಿ ಮತ್ತು ಸಕ್ಕರೆ ಕಾಯಿಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ಕೇಳದವರು ನಮ್ಮ ಭಾಗದಲ್ಲಿ ಕಡಿಮೆ. ಬೆಲ್ಲ ನಮ್ಮ ಹೊಲದ ಕಬ್ಬಿನದು, ನಮ್ಮ ಕಣ್ಣೆದುರಿನ ಗಾಣದಲ್ಲಿ ತಯಾರಾದದ್ದು ಎಂಬ ಅಭಿಮಾನದಿಂದಲೋ ಏನೋ, ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಮರುದಿನವೇ ಸಕ್ಕರೆ ಡಬ್ಬಿಯನ್ನು ಬದಿಗೆ ಸರಿಸಿ, ಚಹಾಕ್ಕೆ ಬೆಲ್ಲ ಹಾಕಿಕೊಂಡು ನಿಶ್ಚಿಂತರಾಗುವವರು ಬಹಳ ಮಂದಿ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯಲ್ಲಿರುವ ಅದೇ ಅಂಶವೇ ಆಗಿರುವುದರಿಂದ, ರಕ್ತದಲ್ಲಿ ಸಕ್ಕರೆ ಏರುವ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಲ್ಲದ ಹೋಳಿಗೆಗೂ ಗೋಧಿ ಹುಗ್ಗಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ರೊಟ್ಟಿಯ ಪ್ರಶ್ನೆ. 'ಅನ್ನ ಬಿಟ್ಟೇನ್ರೀ, ಬರೇ ರೊಟ್ಟಿ ತಿಂತೇನಿ, ಆದ್ರೂ ಶುಗರ್ ಇಳೀವಲ್ದು' ಎಂಬ ದೂರು ವಿಜಯಪುರದ ಕಡೆ ಸಾಮಾನ್ಯ. ಜೋಳ ಒಳ್ಳೆಯ ಧಾನ್ಯ. ಪಾಲಿಷ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಾರು ಹೆಚ್ಚು, ಹೊಟ್ಟೆಯೂ ಬೇಗ ತುಂಬುತ್ತದೆ. ಹಾಗೆಂದು ಅದರಲ್ಲಿ ಪಿಷ್ಟವಿಲ್ಲವೆಂದಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಅದು ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ಒಂದು ಹೊತ್ತಿಗೆ ನಾಲ್ಕು ರೊಟ್ಟಿ ತಿನ್ನುವವರು ಎರಡಕ್ಕೆ ಇಳಿದು, ಉಳಿದ ಜಾಗವನ್ನು ಮಡಕಿಕಾಳು ಪಲ್ಯ, ಝುಣಕ, ಮೆಂತೆ ಸೊಪ್ಪು, ಹಸಿ ಸೌತೆಕಾಯಿಗಳಿಂದ ತುಂಬಿಕೊಂಡರೆ ಆಗ ರೊಟ್ಟಿಯ ಗುಣ ನಿಜವಾಗಿ ಕೈಗೆ ಹತ್ತುತ್ತದೆ. ಉಪವಾಸದ ಹೆಸರಿನಲ್ಲಿ ಸಾಬೂದಾಣಿ ಖಿಚಡಿ ತಿನ್ನುವವರಿಗಂತೂ ಉಪವಾಸವೇ ದುಬಾರಿಯಾಗುತ್ತದೆ, ಏಕೆಂದರೆ ಸಾಬೂದಾಣಿ ಬಹುತೇಕ ಬರೀ ಪಿಷ್ಟ.

ಹಾಗಲಕಾಯಿ ರಸ ಕುಡಿದು ಗುಳಿಗೆ ನಿಲ್ಲಿಸುವ ರೂಢಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಗಲಕಾಯಿ ತರಕಾರಿಯಾಗಿ ಚೆನ್ನಾಗಿದೆ, ಗುಳಿಗೆಯ ಬದಲಿಗೆ ಅಲ್ಲ. ಆದರೆ ರಿಪೋರ್ಟ್ ಸರಿ ಬಂದಿದೆಯೆಂದು ಗುಳಿಗೆ ಬಿಡುವುದು ಇನ್ನೊಂದು ಬಗೆಯ ತಪ್ಪು. ಬೆಳಗಿನ ಖಾಲಿಹೊಟ್ಟೆಯ ಪರೀಕ್ಷೆ ಆ ಹೊತ್ತಿನ ಅಂಕಿಯನ್ನಷ್ಟೇ ಹೇಳುತ್ತದೆ. ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತಿಳಿಸುವುದು ಎಚ್‌ಬಿಎ1ಸಿ ಪರೀಕ್ಷೆ. ಅಂಕಿ ಸರಿ ಬಂದಿರುವುದು ಹಲವು ಸಲ ಆ ಗುಳಿಗೆಯ ದೆಸೆಯಿಂದಲೇ.

ಇನ್ಸುಲಿನ್ ಎಂದರೆ ಕೊನೆಯ ಘಟ್ಟ, ಒಮ್ಮೆ ಹತ್ತಿತೆಂದರೆ ಕಣ್ಣು, ಕಿಡ್ನಿ ಹೋದಂತೆಯೇ ಎಂಬ ಭಯ ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದೆ. ಟೊರಾಂಟೊದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸುವ ಮುನ್ನ, ದೇಹದಲ್ಲಿ ಇನ್ಸುಲಿನ್ ತಯಾರಾಗದ ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಅದನ್ನು ಮೊದಲ ಬಾರಿಗೆ ಕೊಟ್ಟ ಮೇಲೆ ಆ ಮಾತು ಬದಲಾಯಿತು. ದೊಡ್ಡವರಲ್ಲಿ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಶಕ್ತಿ ವರ್ಷಗಳು ಕಳೆದಂತೆ ಕುಂದುವುದರಿಂದ, ಗುಳಿಗೆ ಸಾಲದಾದಾಗ ಹೊರಗಿನಿಂದ ಇನ್ಸುಲಿನ್ ಕೊಡಬೇಕಾಗುತ್ತದೆ. ಕಣ್ಣು, ಕಿಡ್ನಿ ಕೆಡುವುದು ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆಯಿಂದ. ತಡವಾಗಿ ಶುರುವಾದ ಇಂಜೆಕ್ಷನ್ನು ಆ ಅಪವಾದವನ್ನು ಹೊರುತ್ತದೆ, ಅಷ್ಟೇ.

ಬೇಸಿಗೆಯಲ್ಲಿ ನಮ್ಮಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಇನ್ಸುಲಿನ್ ಬಾಟಲಿಯ ಬಗ್ಗೆ ಎಚ್ಚರ ಬೇಕು. ಫ್ರಿಜ್ ಇದ್ದರೆ ಬಾಗಿಲಿನ ಅರೆಯಲ್ಲಿಡಬಹುದು, ಮೇಲಿನ ಬರ್ಫದ ಖಾನೆಯಲ್ಲಿ ಮಾತ್ರ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ, ಬಳಸುತ್ತಿರುವ ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಮುಚ್ಚಿ ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡಬಹುದು.

ಇನ್ನು ಯುಗಾದಿಗೆ ಮುನ್ನ ಈ ಜಿಲ್ಲೆಗಳಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ, ಕೆಲವರು ಬರಿಗಾಲಿನಲ್ಲಿ. ಕಾಯಿಲೆ ಹಳೆಯದಾದವರಿಗೆ ಅಂಗಾಲಿನ ನರಗಳು ಮಂದವಾಗಿ, ಬೊಕ್ಕೆ ಎದ್ದರೂ ಗೊತ್ತಾಗದೇ ಹೋಗಬಹುದು. ನೋವಿಲ್ಲವೆಂದರೆ ಕಾಲು ಗಟ್ಟಿಯಿದೆ ಎಂದು ತಿಳಿಯುವುದು ಇಲ್ಲಿ ಅಪಾಯಕ್ಕೆ ದಾರಿ. ಹರಕೆ ಹೊತ್ತವರು ಮೆತ್ತನೆಯ ಪಾದರಕ್ಷೆ ಹಾಕಿಕೊಂಡು, ರಾತ್ರಿ ತಂಗಿದಲ್ಲಿ ಜೊತೆಗಿದ್ದವರಿಂದ ಅಂಗಾಲು ನೋಡಿಸಿಕೊಂಡರೆ ಮಲ್ಲಯ್ಯ ಮುನಿಯಲಾರ. ದಿನವಿಡೀ ನಡೆಯುವಾಗ ಮನೆಯಲ್ಲಿ ತೆಗೆದುಕೊಳ್ಳುವ ಔಷಧಿಯ ಡೋಸೇ ದೇಹಕ್ಕೆ ಅತಿಯಾಗಬಹುದಾದ್ದರಿಂದ, ಹೊರಡುವ ಮೊದಲೇ ವೈದ್ಯರನ್ನು ಕೇಳಿ ಅದನ್ನು ಗೊತ್ತುಮಾಡಿಕೊಳ್ಳಬೇಕು. ದಾರಿಯಲ್ಲಿ ಕೈ ನಡುಗಿ, ತಣ್ಣನೆ ಬೆವರು ಬಂದು, ಕಣ್ಣು ಮಂಜಾದರೆ ರಕ್ತದ ಸಕ್ಕರೆ 70ಕ್ಕಿಂತ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಕೆಳಗಿಳಿದಿರಬಹುದು. ಆಗ ಚೀಲದಲ್ಲಿರುವ ಕರದಂಟಿಗೆ ಕೈಹಾಕಬೇಡಿ. ಅದರೊಳಗಿನ ತುಪ್ಪ, ಕೊಬ್ಬರಿ, ಗೋಡಂಬಿಗಳಿಂದ ಸಿಹಿ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಕುಳಿತು, ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಮಸ್ಕಾರ.